ಸಹಾಯ ಬೇಕು: ಅಮ್ಮನ ಜೊತೆ ಅಂಡಮಾನ್, ನೀಲ್ ದ್ವೀಪ ಬಿಡೋದಾ?

ನಾವು ತೀರ್ಥಹಳ್ಳಿ ಕಡೆಯವರು. ಅಡಿಕೆ ಕೊಯ್ಲು, ಮಕ್ಕಳ ಪರೀಕ್ಷೆ ಎರಡೂ ಮುಗಿಸಿ ಏಪ್ರಿಲ್‌ನಲ್ಲಿ 5 ರಾತ್ರಿ ಅಂಡಮಾನ್‌ಗೆ ಹೊರಟಿದ್ದೇವೆ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ (ಈಗ ಶ್ರೀ ವಿಜಯಪುರಂ) ವಿಮಾನ ಬುಕ್ ಆಗಿದೆ.

ತಲೆಬಿಸಿ ಅಮ್ಮನದು. ಆಗುಂಬೆ ಘಾಟಿ ಇಳಿಯುವಾಗಲೇ ವಾಂತಿ ಅಂತ ನಾಲ್ಕು ಸಲ ಕಾರು ನಿಲ್ಲಿಸಬೇಕು, ಇನ್ನು ಸಮುದ್ರದ ಮೇಲಿನ ಕಥೆ ಕೇಳಬೇಡಿ! ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ಆದರೂ ಧೈರ್ಯ ಸಾಲದು. ರಾಧಾನಗರ ಬೀಚ್ ನೋಡದೆ ಮಕ್ಕಳು ಬರುವುದಿಲ್ಲ, ಹಾಗಾಗಿ ಅದಿರುವ ಹ್ಯಾವ್‌ಲಾಕ್ ದ್ವೀಪ ಬಿಡುವಂತಿಲ್ಲ. ಟ್ರಾವೆಲ್ಸ್‌ನವರು ಮಾತ್ರ ‘ನೀಲ್ ಕೂಡ ಸೇರಿಸಿ’ ಅಂತ ಒಂದೇ ಹಟ. ಅಂದರೆ ಇನ್ನೊಂದು ಸಲ ಫೆರ್ರಿ ಹತ್ತಬೇಕು, ಅಲ್ವಾ?

ವಯಸ್ಸಾದವರನ್ನು ಕರೆದುಕೊಂಡು ಹೋದವರು ಹೇಳಿ: ನೀಲ್ ಬಿಟ್ಟು ಹ್ಯಾವ್‌ಲಾಕ್‌ನಲ್ಲೇ 3 ರಾತ್ರಿ ಇದ್ದರೆ ಬೇಜಾರಾಗುತ್ತದಾ? ವಾಂತಿ ಬರುವವರಿಗೆ ಸರ್ಕಾರಿ ಫೆರ್ರಿ ಒಳ್ಳೆಯದಾ, ಖಾಸಗಿ ಎಸಿ ಫೆರ್ರಿಯಾ?