ಬಳ್ಳಾರಿ–ತೋರಣಗಲ್ಲು ದಿನದ ಓಡಾಟಕ್ಕೆ ಸೆಕೆಂಡ್ ಹ್ಯಾಂಡ್ ಪೋರ್ಷೆ 718 ತಗೋಬಹುದಾ?

ಬಾನೆಟ್ ಬಳ್ಳಾರಿ
ಎಲ್ಲರಿಗೂ ನಮಸ್ಕಾರ. ಪೋರ್ಷೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು 718 ಕೇಮನ್ ಹುಡುಕ್ತಿದ್ದೀನಿ. 2 ಲೀಟರ್ ಟರ್ಬೊ, 300 ಪಿಎಸ್, ಪಿಡಿಕೆ (ಎರಡು ಕ್ಲಚ್‌ನ ಆಟೊಮ್ಯಾಟಿಕ್) ಗೇರ್‌ಬಾಕ್ಸ್. ಎರಡು ಕಾರು ಲೆಕ್ಕಕ್ಕೆ ಬಂದಿವೆ. ಒಂದು ಮುಂಬೈಯದು, ಎಂಎಚ್ ನೋಂದಣಿ, 2017ರ ಮಾಡೆಲ್, 14,000 ಕಿ.ಮೀ. ಓಡಿದೆ. ಇನ್ನೊಂದು ಬೆಂಗಳೂರಿನದು, 2018, 46,000 ಕಿ.ಮೀ. ಮುಂಬೈ ಕಾರಿಗೆ 4 ಲಕ್ಷ ಕಡಿಮೆ ಹೇಳ್ತಿದ್ದಾರೆ. ವಾರಕ್ಕೆ ಆರು ದಿನ ತೋರಣಗಲ್ಲಿಗೆ ಹೋಗಿ ಬರಬೇಕು, ದಿನಕ್ಕೆ ಸುಮಾರು 60 ಕಿ.ಮೀ. ತಿಂಗಳಿಗೆ ಎರಡು ಸಲ ಸಿಂಧನೂರು. ಮನೇಲಿ ಬೇರೆ ಕಾರಿಲ್ಲ. ಯಾವುದು ತಗೊಳ್ಳಲಿ? ಇಲ್ಲಾ ಈ ಯೋಚನೆಯನ್ನೇ ಬಿಡಬೇಕಾ?

ಎರೆಹೊಲ ರಾಯಚೂರು
ಬ್ಯಾಡ ಅಂತೀನಿ ನಾ. ಕಾರಿನ ಮ್ಯಾಲೆ ನನಗೇನೂ ಸಿಟ್ಟಿಲ್ಲ, ರೋಡಿನ ಲೆಕ್ಕ ಹೇಳ್ತೀನಿ ಕೇಳ್ರಿ. ಸಿರುಗುಪ್ಪ ದಾಟಿದ ಮ್ಯಾಲೆ ಸಿಂಧನೂರು ತನಕ ಎರೆ ನೆಲ. ಮಳಿಗಾಲಕ್ಕ ಉಬ್ಬತದ, ಬ್ಯಾಸಿಗಿಗೆ ಬಿರುಕು ಬಿಟ್ಟು ಕುಸೀತದ. ಮ್ಯಾಲೆ ಡಾಂಬರು ಎಷ್ಟು ಛಂದ ಹಾಕಿದ್ರೂ ಕೆಳಗಿನ ಮಣ್ಣು ಅಲುಗಾಡಿ ರೋಡು ಅಲೆ ಅಲೆ ಆಗ್ತದ. ಎತ್ತರದ ಗಾಡಿ ಅದರ ಮ್ಯಾಲೆ ತೂಗಾಡಿಕೊಂಡು ಹೋಗ್ತದ. ಕೆಳಗ ಕುಂತ ಗಾಡಿ 80ರಾಗ ಹೋದ್ರ ಸಸ್ಪೆನ್ಷನ್ ಪೂರಾ ಒತ್ತಿ ಹೊಟ್ಟಿ ನೆಲಕ್ಕ ಬಡೀತದ.

ಇನ್ನು ರೋಡಿನ ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ್ದು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅಂಥಾದ್ದನ್ನ ಈ ಕಾರು ದಾಟತದ. ಊರೊಳಗ ಜನ ತಾವೇ ಹಾಕಿಸಿದ್ದು ಗೇಣಗಲ ಇರ್ತದ, ಎತ್ತರ 15 ಸೆಂ.ಮೀ. ಮುಂದಿನ ಗಾಲಿ ಇಳಿದು ಹಿಂದಿನ ಗಾಲಿ ಏರೋದರಾಗ ಆ ದಿಣ್ಣಿ ನಡುಹೊಟ್ಟಿಗೆ ಬರ್ತದ. ಆವಾಗ ನಿಧಾನ ಹೋದ್ರೂ ತಾಗ್ತದ, ಜೋರು ಹೋದ್ರೂ ತಾಗ್ತದ.

ಸುಗ್ಗಿ ಕಾಲದ್ದು ಇನ್ನೊಂದು ಅದ. ಹುರುಳಿ, ಕಡ್ಲಿ ರೋಡಿನ ಮ್ಯಾಲೇ ಹರವಿ ಒಕ್ಕಲಿ ಮಾಡ್ತಾರ. ಹುರುಳಿ ಬಳ್ಳಿ ಡ್ರೈವ್ ಶಾಫ್ಟಿಗೆ ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಹೊತ್ತಿಕೊಳ್ತದ. ಸಾದಾ ಕಾರಿಗೇ ಬೆಂಕಿ ಬಿದ್ದಾವ. ನಿಮ್ಮ ಕಾರಿಗೆ ಎಂಜಿನ್, ಟರ್ಬೊ, ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲಾ ಸೀಟಿನ ಹಿಂದ, ನೆಲಕ್ಕ ಹತ್ತಿರ.

ಪಾನಾ ಪಟ್ಟಿ
ಎರೆಹೊಲ ಅಣ್ಣ ಹೇಳಿದ್ದು ಸಿಂಧನೂರು ದಾರಿಗೆ ಸರಿ. ತೋರಣಗಲ್ಲು ದಾರಿ ಹೆದ್ದಾರಿ, ಅಲ್ಲಿ ರೋಡ್ ಹಂಪ್‌ಗಳಿಗಿಂತ ಧೂಳೇ ದೊಡ್ಡ ಸಮಸ್ಯೆ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಯಾವ ಕಾರು ಅನ್ನೋ ಮಾತು.

14,000 ಕಿ.ಮೀ. ನೋಡಿ ಮರುಳಾಗಬೇಡಿ. ಡಯಾಗ್ನೋಸ್ಟಿಕ್ ಯಂತ್ರ ಹಾಕಿಸಿ ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ಓದಿಸಿ. ಕಿಲೋಮೀಟರನ್ನ ಆ ಗಂಟೆಯಿಂದ ಭಾಗಿಸಿದರೆ ಸರಾಸರಿ ವೇಗ ಸಿಗುತ್ತೆ. ಉದಾಹರಣೆಗೆ ಮುಂಬೈ ಕಾರಲ್ಲಿ 700 ಗಂಟೆ ಬಂತು ಅನ್ಕೊಳ್ಳಿ, ಗಂಟೆಗೆ 20 ಕಿ.ಮೀ. ಆಯ್ತು. ಅಂದರೆ ಬರೀ ಟ್ರಾಫಿಕ್‌ನಲ್ಲಿ ನಿಂತು ಬೆಂದ ಎಂಜಿನ್. ಬೆಂಗಳೂರಿನದರಲ್ಲಿ 1,000 ಗಂಟೆ ಬಂದರೆ ಸರಾಸರಿ 46. ಅದು ಹೆದ್ದಾರಿ ಕಂಡ ಕಾರು. ಮೀಟರ್‌ನಲ್ಲಿ ಮೂರು ಪಟ್ಟು ಕಾಣೋ ವ್ಯತ್ಯಾಸ ಎಂಜಿನ್ ದುಡಿದ ಹೊತ್ತಿನಲ್ಲಿ ಒಂದೂವರೆ ಪಟ್ಟೂ ಇರಲ್ಲ. ಸರಾಸರಿ 10ಕ್ಕಿಂತ ಕೆಳಗೆ ಬಂದರೆ ಮೀಟರ್ ಹಿಂದೆ ತಿರುಗಿಸಿದ್ದಾರೆ ಅಂತಲೇ ಅನುಮಾನ ಪಡಿ. ಅದೇ ಯಂತ್ರದಲ್ಲಿ ಓವರ್‌ರೆವ್ (ಎಂಜಿನ್ ಮಿತಿ ಮೀರಿ ತಿರುಗಿದ) ದಾಖಲೆಯೂ ಸಿಗುತ್ತೆ, ಪ್ರಿಂಟ್ ತೆಗೆಸಿಕೊಳ್ಳಿ.

ನಿಂತೇ ಇದ್ದ ಕಾರಲ್ಲಿ ಕೆಡೋದು ಬೇರೆ ಥರ. ಸಣ್ಣ ಸಣ್ಣ ಓಟಕ್ಕೆ ಆಯಿಲ್ ಪೂರ್ತಿ ಬಿಸಿಯಾಗಲ್ಲ, ಪೆಟ್ರೋಲ್ ಮತ್ತು ನೀರಿನ ಪಸೆ ಆಯಿಲ್‌ನಲ್ಲೇ ಉಳಿಯುತ್ತೆ. ಎಸಿ ಕಂಪ್ರೆಸರ್ ತಿರುಗದೆ ಅದರ ಸೀಲ್ ಒಣಗುತ್ತೆ. ಬ್ಯಾಟರಿ ಪೂರ್ತಿ ಇಳಿದು ಇಳಿದು ಸಾಯುತ್ತೆ. ಬ್ರೇಕ್ ದ್ರವ ಕಾರು ಓಡಲಿ ಬಿಡಲಿ ತೇವ ಹೀರುತ್ತೆ. ಡಾಟ್ 4 ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಲ್ಲ, ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸಿದ ಬಿಲ್ ಇದೆಯಾ ಕೇಳಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ: 1817 ಅಂದರೆ 2017ರ 18ನೇ ವಾರ. 14,000 ಓಡಿದ ಕಾರಲ್ಲಿ ಮೊದಲಿನ ಟೈರೇ ಇದ್ದರೆ ಅದರ ಗೀರುಗಳು ಎಷ್ಟೇ ಆಳ ಇರಲಿ, ನಾಲ್ಕೂ ಎಸೆಯೋದೇ. ನಮ್ಮ ಬಿಸಿಲಿಗೆ ಅವು ತಡೆಯಲ್ಲ.

ನನ್ನ ಓಟು ಬೆಂಗಳೂರು ಕಾರಿಗೆ.

ಕೊಪ್ಪಳ 37
ನಡುವ ಬಾಯಿ ಹಾಕ್ತೀನಿ, ತಪ್ಪು ತಿಳೀಬ್ಯಾಡ್ರಿ. ಮನ್ಯಾಗ ಒಂದs ಕಾರು ಅಂದ್ರ ಎರಡು ಸೀಟಿಂದು ಯಾಕ? ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ನೋಡ್ರಿ. 2020ರಾಗ 200 ಕಾರು ಬಂದಿದ್ವು. 245 ಪಿಎಸ್, 370 ನ್ಯೂಟನ್ ಮೀಟರ್, ಐದು ಮಂದಿ ಕುಂದರ್ತಾರ, ಡಿಕ್ಕಿ 590 ಲೀಟರ್. ಎಂಜಿನ್ ಕೆಲಸ ಮಾಡೋರು ಹುಬ್ಬಳ್ಳ್ಯಾಗ ಸಿಗ್ತಾರ. ಪೋರ್ಷೆ ಸೆಂಟರ್ ಬೇಕಂದ್ರ ಬೆಂಗಳೂರಿಗೆ 300 ಕಿ.ಮೀ. ಮ್ಯಾಲೆ ಹೋಗಬೇಕು.

ಅದರಾಗ ನೋಡಬೇಕಾದ್ದು ವಾಟರ್ ಪಂಪ್, ಥರ್ಮೋಸ್ಟಾಟ್ ಕೂಡಿದ ಪ್ಲಾಸ್ಟಿಕ್ ಹೌಸಿಂಗ್. ಬಿಸಿ–ತಣ್ಣ ಆಗಿ ಆಗಿ ಸೋರತೈತಿ. ಎಂಜಿನ್ ಕೆಳಗ ಗುಲಾಬಿ ಬಣ್ಣದ ಒಣಗಿದ ಕಲಿ ಕಂಡ್ರ ಅದs ಕೂಲಂಟ್.

ಬಾನೆಟ್ ಬಳ್ಳಾರಿ
ಧನ್ಯವಾದ ಸರ್. ಆದರೆ ಇಬ್ಬರೇ ಇರೋದು, ಹಿಂದಿನ ಸೀಟಿನ ಅವಶ್ಯಕತೆ ಇಲ್ಲ. ಎಂಜಿನ್ ನಡುವೆ ಇರೋ ಕಾರು, ಆ ಸ್ಟಿಯರಿಂಗೇ ಬೇಕು ಅನ್ನೋದು ಗಟ್ಟಿ. ಸಿಂಧನೂರಿಗೆ ಬಸ್ಸಲ್ಲೇ ಹೋಗ್ತೀನಿ, ಎರೆಹೊಲ ಸರ್ ಮಾತು ಒಪ್ಪಿದೆ. ಪಾನಾ ಅಣ್ಣಾ, ಧೂಳಿನ ವಿಚಾರ ಹೇಳಿ.

ಪಾನಾ ಪಟ್ಟಿ
ಕೇಮನ್‌ಗೆ ಎಂಜಿನ್ ಸೀಟಿನ ಹಿಂದೆ ಇದ್ದರೂ ರೇಡಿಯೇಟರ್ ಮುಂದೆ. ಮುಂದಿನ ಬಂಪರಿನ ಎಡಕ್ಕೊಂದು, ಬಲಕ್ಕೊಂದು ದೊಡ್ಡ ಕಿಂಡಿ. ಪ್ರತಿ ಕಿಂಡಿಯೊಳಗೆ ಮೊದಲು ಎಸಿ ಕಂಡೆನ್ಸರ್, ಅದರ ಬೆನ್ನಿಗೆ ರೇಡಿಯೇಟರ್. ಎಲೆ, ಕಸ, ಧೂಳು ಒಳಗೆ ಹೋಗಿ ಇವೆರಡರ ನಡುವಿನ ಸಂದಿಯಲ್ಲಿ ಕೂರುತ್ತೆ. ಹೊರಗಿಂದ ಟಾರ್ಚ್ ಬಿಟ್ಟರೆ ಕಂಡೆನ್ಸರ್ ಮುಖ ಮಾತ್ರ ಕಾಣುತ್ತೆ, ಸಂದಿ ಕಾಣಲ್ಲ.

ನಮ್ಮಲ್ಲಿ ಕಬ್ಬಿಣದ ಅದಿರಿನ ಪುಡಿ. ಸಂಡೂರು ಕಡೆಯ ಲಾರಿ ಹಿಂದೆ ದಿನಾ ಹೋದರೆ ಆ ಕೆಂಪು ಪುಡಿ ಮೊದಲು ಸಂದಿ ಸೇರುತ್ತೆ. ಮಳೆ ಹನಿ ಬಿದ್ದಾಗ ಕೆಸರಾಗಿ ಫಿನ್‌ಗಳ (ತೆಳು ಲೋಹದ ಪಟ್ಟಿಗಳ) ಮಧ್ಯೆ ಇಳಿದು, ಒಣಗಿ ಗಟ್ಟಿ ಪದರ ಆಗುತ್ತೆ. ಗಾಳಿ ಆಡಲ್ಲ. ಮೊದಲ ಲಕ್ಷಣ ಎಂಜಿನ್ ಬಿಸಿಯಲ್ಲ, ಎಸಿ: ಓಡುವಾಗ ತಣ್ಣಗೆ ಬರುತ್ತೆ, ಸಿಗ್ನಲ್‌ನಲ್ಲಿ ನಿಂತಾಗ ಬಿಸಿ ಗಾಳಿ. ಕೆಳಗಿನ ಮೂಲೆಯಲ್ಲಿ ಒದ್ದೆ ಕಸ ಹಾಗೇ ಉಳಿದರೆ ಅಲ್ಯೂಮಿನಿಯಂ ತಿಂದು ಕಂಡೆನ್ಸರ್ ತೂತಾಗುತ್ತೆ. ಈ ಕಾರಲ್ಲಿ ಬಹಳ ಸಲ ಬರೋ ಖರ್ಚು ಇದೇ.

ಉಪಾಯ: ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮುಂಚೆ ಒಂದು, ಮುಗಿದ ಮೇಲೆ ಒಂದು, ಬಂಪರ್ ಬಿಚ್ಚಿಸಿ. ಟಾರ್ಕ್ಸ್ (ನಕ್ಷತ್ರ ತಲೆಯ) ಸ್ಕ್ರೂಗಳು, ಚಕ್ರದ ಕಮಾನಿನ ಒಳಗಿನ ಸ್ಕ್ರೂ ಮರೀಬೇಡಿ, ಇಲ್ಲಾಂದರೆ ಬಂಪರ್ ಎಳೆಯುವಾಗ ಕಿವಿ ಮುರಿಯುತ್ತೆ. ಕಂಡೆನ್ಸರ್‌ನ ಪೈಪ್ ಬಿಚ್ಚದೆ, ಗ್ಯಾಸ್ ಬಿಡದೆ, ಬೋಲ್ಟ್ ಮಾತ್ರ ಸಡಿಲಿಸಿ ಮುಂದಕ್ಕೆ ವಾಲಿಸಬಹುದು. ಸಂದಿಯ ಕಸ ಕೈಯಲ್ಲಿ, ಮೆತ್ತನೆ ಬ್ರಷ್‌ನಲ್ಲಿ ತೆಗೆದು, ಹಿಂದಿನಿಂದ ಮುಂದಕ್ಕೆ ಕಡಿಮೆ ಒತ್ತಡದ ಗಾಳಿ ಹೊಡೀರಿ. ವಾಟರ್ ಸರ್ವಿಸ್ ಗನ್ ಹತ್ತಿರ ಹಿಡಿದರೆ ಫಿನ್ ಮಡಚಿಕೊಂಡು ಹೋಗುತ್ತೆ, ಆಮೇಲೆ ನೆಟ್ಟಗಾಗಲ್ಲ.

ಕಿಂಡಿಗೆ ಹೊರಗಡೆ 5 ಮಿ.ಮೀ. ಕಣ್ಣಿನ ಅಲ್ಯೂಮಿನಿಯಂ ಜಾಲರಿ ಹಾಕಿಸಿ.

ಎರೆಹೊಲ ರಾಯಚೂರು
ಜಾಲರಿ ಮಾತು ಒಪ್ಪಲ್ಲ ನಾ. ಹತ್ತಿ ಸೀಜನ್‌ನ್ಯಾಗ ರಾಯಚೂರು ಕಡೆ ಬಂದು ನೋಡ್ರಿ. ಜಿನ್ನಿಂಗ್ ಮಿಲ್ಲಿಗೆ ಹೋಗೋ ಲಾರಿಯಿಂದ ಅರಳಿ ಹಾರ್ತದ, ಜಾಲರಿಗೆ ಕಂಬಳಿ ಹೊದಿಸಿದಂಗ ಕೂಡ್ತದ. ಗಾಳಿನೇ ಹೋಗಲಿಲ್ಲ ಅಂದ್ರ 42 ಡಿಗ್ರಿ ಬಿಸಿಲಾಗ ಏನು ಮಾಡ್ತೀರಿ?

ಪಾನಾ ಪಟ್ಟಿ
ಹೌದು, ಅರಳೆ ಜಾಲರಿ ಮೇಲೆ ಕೂರುತ್ತೆ. ಅದಕ್ಕೇ ಜಾಲರಿ ಬೇಕು ಅನ್ನೋದು ಅಣ್ಣಾ. ಹೊರಗೆ ಕೂತದ್ದನ್ನ ಪೆಟ್ರೋಲ್ ಬಂಕ್‌ನಲ್ಲಿ ಕೈಯಲ್ಲೇ ಒರೆಸಿ ತೆಗೀಬಹುದು. ಒಳಗೆ ಕೂತದ್ದಕ್ಕೆ ಬಂಪರ್ ಬಿಚ್ಚಬೇಕು. 2 ಮಿ.ಮೀ. ಸೊಳ್ಳೆ ಪರದೆ ಥರದ್ದು ಹಾಕಿದರೆ ನೀವು ಹೇಳಿದ ಹಾಗೇ ಆಗುತ್ತೆ. 5 ಮಿ.ಮೀ. ಇದ್ದರೆ ಪುಡಿ ಧೂಳು ತಡೆಯಲ್ಲ, ಆದರೆ ಲಾರಿ ಚಕ್ರದಿಂದ ಸಿಡಿಯೋ ಜಲ್ಲಿ, ಎಲೆ, ಅರಳೆ ನಿಲ್ಲುತ್ತೆ. ಜಲ್ಲಿ ಕಂಡೆನ್ಸರ್‌ಗೆ ನೇರ ಬಡಿಯೋದು ತಪ್ಪಿದರೆ ಅಷ್ಟೇ ಲಾಭ.

ಎರೆಹೊಲ ರಾಯಚೂರು
ದಿನಾ ಒರೆಸೋ ಮನಷ್ಯಾಗ ಆದ್ರ ಸರಿ ಅದ. ವಾರಕ್ಕೊಮ್ಮೆ ನೋಡೋರಿಗೆ ಬ್ಯಾಡ.

ಕೊಪ್ಪಳ 37
ಬಣ್ಣದ ಮಾತೂ ಹೇಳಬೇಕು. ಅದಿರಿನ ಧೂಳು ಅಂದ್ರ ಹೆಮಟೈಟ್, ಕಾರಿನ ಮ್ಯಾಲಿನ ಕ್ಲಿಯರ್ ಕೋಟಿಗಿಂತ ಗಟ್ಟಿ. ಒಣ ಬಟ್ಟೀಲೆ ಒರೆಸಿದ್ರ ಉಪ್ಪು ಕಾಗದ ಹಚ್ಚಿದಂಗ. ಮೊದಲು ನೀರು ಬಿಟ್ಟು ಧೂಳು ಇಳಿಸ್ರಿ, ಆಮ್ಯಾಲೆ ಶಾಂಪೂ. ಬೋರಿನ ನೀರು ಗಡುಸು, ಬಿಸಿಲಾಗ ತೊಳದ್ರ ಬಿಳೀ ಕಲಿ ಕೂಡತೈತಿ. ಬೆಳಿಗ್ಗೆ ನೆರಳಾಗ ತೊಳೀರಿ. ಅದs ಬೋರಿನ ನೀರು ಕೂಲಂಟ್ ಟ್ಯಾಂಕಿಗೆ ಒಂದು ಲೋಟಾನೂ ಹಾಕಬ್ಯಾಡ್ರಿ. ಡಿಸ್ಟಿಲ್ಡ್ ವಾಟರ್ ಅರ್ಧ, ಕಂಪನಿ ಹೇಳಿದ ಕೂಲಂಟ್ ಅರ್ಧ.

ಕಾಗದಪತ್ರ
ಮುಂಬೈ ಕಾರಿನ 4 ಲಕ್ಷ ಉಳಿತಾಯ ನಿಜವಾಗಿ ಉಳಿತಾಯವೇ ಅಲ್ಲ, ಲೆಕ್ಕ ಹೀಗಿದೆ. ಬೇರೆ ರಾಜ್ಯದ ಕಾರು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇದ್ದರೆ ಮರು ನೋಂದಣಿ ಕಡ್ಡಾಯ. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ, ತೀರಿದ ಸಾಲದ ನಮೂದು ತೆಗೆಸಲು ಫಾರಂ 35, ವರ್ಗಾವಣೆಗೆ 29 ಮತ್ತು 30. ಇಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ದಾಟಿದ ಹೊಸ ಕಾರಿಗೆ ದರ ಶೇ 18. ಹಳೆಯದಕ್ಕೆ ವಯಸ್ಸು ನೋಡಿ ಇಳಿಸುತ್ತಾರೆ. ಆದರೆ ಲೆಕ್ಕ ಹಾಕುವುದು ಕಾರಿನ ಮೂಲ ಬೆಲೆಯ ಮೇಲೆ, ನೀವು ಕೊಟ್ಟ ಬೆಲೆಯ ಮೇಲಲ್ಲ. ಬಹಳ ಜನ ಎಡವುವುದು ಇಲ್ಲೇ. ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯ ಉಳಿಕೆ ಭಾಗ ವಾಪಸ್ ಕೇಳಬಹುದು, ಆದರೆ ಓಡಾಟ ನಿಮ್ಮದೇ. ನೀವೇ ಬಳ್ಳಾರಿ ಆರ್‌ಟಿಒ ಕಚೇರಿಗೆ ಮೂಲ ಇನ್‌ವಾಯ್ಸ್ ಪ್ರತಿ ಒಯ್ದು ಮೊತ್ತ ಕೇಳಿ, ಆಮೇಲೆ ಮುಂಬೈಯವರ ಜತೆ ಮಾತಾಡಿ.

ವಿಮೆ: ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ. ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಹಾಕಿ. ಐದು ವರ್ಷ ದಾಟಿದ ಕಾರಿಗೆ ಝೀರೋ ಡೆಪ್ (ಸವಕಳಿ ಕಡಿತವಿಲ್ಲದ ವಿಮೆ) ಸಿಗುವುದು ಕಷ್ಟ. ಅದು ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಶೇ 50 ಕಡಿತ, ಲೋಹದ ಭಾಗಕ್ಕೆ 5ರಿಂದ 10 ವರ್ಷದ ಕಾರಾದರೆ ಶೇ 40. ಒಂದು ಬಂಪರ್ ಒಡೆದರೆ ಅರ್ಧ ದುಡ್ಡು ನಿಮ್ಮ ಜೇಬಿನಿಂದ.

ಬಾನೆಟ್ ಬಳ್ಳಾರಿ
ಹಾಗಾದರೆ ಮುಂಬೈ ಕಾರು ಬಿಟ್ಟೆ. ಬೆಂಗಳೂರಿನದಕ್ಕೆ 20 ಇಂಚಿನ ಚಕ್ರ ಇದೆ. ನೋಡೋಕೆ ಚೆಂದ. ತೊಂದರೆ ಇದೆಯಾ? ವರ್ಷದ ಖರ್ಚು ಎಷ್ಟು ಹಿಡೀಲಿ?

ಪಾನಾ ಪಟ್ಟಿ
ಇದೆ. 20 ಇಂಚಿಗೆ ಮುಂದೆ 235/35, ಅಂದರೆ ಟೈರಿನ ಗೋಡೆ 82 ಮಿ.ಮೀ. 18 ಇಂಚಿಗೆ 235/45, ಗೋಡೆ 106 ಮಿ.ಮೀ. ಹಿಂದೆ 265 ಅಗಲದಲ್ಲಿ 93ರ ಜಾಗಕ್ಕೆ 119. ಕುಡುತಿನಿ ಹತ್ತಿರ ರಾತ್ರಿ ಕಾಣದ ಗುಂಡಿಗೆ ಇಳಿದಾಗ ರಿಮ್ ಬಾಗೋದು, ಉಳಿಯೋದು ಈ 24 ಮಿ.ಮೀ. ರಬ್ಬರ್ ಮೇಲೆ ನಿಂತಿದೆ. ಬೇಸ್ 718ಕ್ಕೆ 18 ಇಂಚು ಕಂಪನಿಯೇ ಕೊಟ್ಟ ಅಳತೆ. ಮೂಲ 18 ಇಂಚಿನ ಸೆಟ್ ಸೆಕೆಂಡ್ಸ್‌ನಲ್ಲಿ ಹುಡುಕಿ, 20ರದ್ದು ಎತ್ತಿಡಿ. ಟೈರಿನ ಮೇಲೆ ಎನ್0, ಎನ್1 ಅಂತ ಪೋರ್ಷೆ ಒಪ್ಪಿಗೆಯ ಗುರುತು ಇರೋದನ್ನೇ ತಗೊಳ್ಳಿ, ನಾಲ್ಕಕ್ಕೂ ಒಂದೇ ಗುರುತು.

ಸ್ಟೆಪ್ನಿ ಇಲ್ಲ ಈ ಕಾರಿಗೆ. ಸೀಲೆಂಟ್ ಬಾಟಲಿ ಮತ್ತು ಕಂಪ್ರೆಸರ್ ಅಷ್ಟೇ. ಮೊಳೆ ತೂತಿಗೆ ನಡೆಯುತ್ತೆ, ಪಕ್ಕ ಹರಿದರೆ ನಡೆಯಲ್ಲ. ಪಂಕ್ಚರ್ ಬತ್ತಿ ಕಿಟ್ ಇಟ್ಟುಕೊಳ್ಳಿ, ಹಿಂದಿನ ಅಳತೆಯ ಒಂದು ಟೈರ್ ಮನೇಲಿ ಇರಲಿ. ಊರಲ್ಲಿ ಅಂಗಡಿಗೆ ಹೋಗಿ ಆ ಅಳತೆ ಕೇಳಿದ ಕೂಡಲೇ ಸಿಗಲ್ಲ, ತರಿಸೋ ತನಕ ಕಾರು ನಿಂತೇ ಇರಬೇಕು. ಎಳೆದೊಯ್ಯುವುದಾದರೆ ಫ್ಲಾಟ್‌ಬೆಡ್ ಮಾತ್ರ, ಹಗ್ಗ ಕಟ್ಟಿಸಬೇಡಿ.

ಖರ್ಚು: ತಿಂಗಳಿಗೆ 1,500, ವರ್ಷಕ್ಕೆ 18,000 ಕಿ.ಮೀ. ಲೀಟರಿಗೆ 9 ಹಿಡಿದರೆ 2,000 ಲೀಟರ್. 95 ಆಕ್ಟೇನ್ ಹಾಕಬೇಕು, 110 ರೂಪಾಯಿ ಅಂತ ಇಟ್ಟರೂ 2.2 ಲಕ್ಷ. ನಿಮ್ಮ ದಾರಿಯ ಬಂಕ್‌ನಲ್ಲಿ 95 ಯಾವಾಗಲೂ ಸಿಗುತ್ತಾ ನೋಡಿ. 91 ಹಾಕಿದರೆ ಎಂಜಿನ್ ಒಡೆಯಲ್ಲ, ಎಂಜಿನ್ ಬಡಿತ ಗ್ರಹಿಸೋ ನಾಕ್ ಸೆನ್ಸರ್ ಕಿಡಿ ಹೊತ್ತೋ ಸಮಯವನ್ನ (ಇಗ್ನಿಷನ್) ಹಿಂದಕ್ಕೆ ಸರಿಸುತ್ತೆ. ಶಕ್ತಿ ಇಳಿಯುತ್ತೆ, ಬಿಸಿ ಹೆಚ್ಚುತ್ತೆ. ಟ್ಯಾಂಕ್ ಮುಚ್ಚಳದ ಒಳಗಿನ ಸ್ಟಿಕ್ಕರ್‌ನಲ್ಲಿ ಎಷ್ಟು ಎಥನಾಲ್ ತಡೆಯುತ್ತೆ ಅಂತ ಇರುತ್ತೆ, ಅದನ್ನೂ ಓದಿ. ಆಯಿಲ್ ಅಳೆಯೋ ಕಡ್ಡಿ ಇಲ್ಲ, ಡ್ಯಾಶ್‌ಬೋರ್ಡ್‌ನಲ್ಲೇ ನೋಡಬೇಕು. ಪೋರ್ಷೆ ಎ40 ಅನುಮೋದನೆಯ 0ಡಬ್ಲ್ಯೂ-40, ಈ ಧೂಳಿಗೆ 10,000ಕ್ಕೇ ಬದಲಿಸಿ. ಏರ್ ಫಿಲ್ಟರ್, ಕ್ಯಾಬಿನ್ ಫಿಲ್ಟರ್ ಪುಸ್ತಕದಲ್ಲಿ ಹೇಳಿದ ಅವಧಿಯ ಅರ್ಧಕ್ಕೆ. ಹಿಂದಿನ ಟೈರ್ ಜೋಡಿ ವರ್ಷಕ್ಕೊಮ್ಮೆ ಸವೆಯುತ್ತೆ ಅಂತಲೇ ಲೆಕ್ಕ ಇಡಿ.

ಎರೆಹೊಲ ರಾಯಚೂರು
ಇಷ್ಟು ಮಾಡಾಕ ತಯಾರಿದ್ರ ತಗೋರಿ, ನನ್ನ ಅಡ್ಡಿ ಸಿಂಧನೂರು ದಾರಿಗೆ ಅಷ್ಟೇ ಉಳೀತು. ಸುಗ್ಗ್ಯಾಗ ಎಲ್ಲೇ ಬಳ್ಳಿ, ಹೊಟ್ಟು ದಾಟಿದ್ರೂ ಮುಂದ ನೂರು ಮಾರು ಹೋಗಿ ನಿಲ್ಲಿಸಿ ಬಗ್ಗಿ ನೋಡ್ರಿ. ಒಂದು ಕೆ.ಜಿ. ಅಗ್ನಿಶಾಮಕ ಸೀಟಿನ ಮುಂದ ಇರ್ಲಿ, ಡಿಕ್ಕ್ಯಾಗ ಬ್ಯಾಡ.

ಬಾನೆಟ್ ಬಳ್ಳಾರಿ
ಖಂಡಿತ ಸರ್. ಶನಿವಾರ ಬೆಂಗಳೂರಿಗೆ ಹೋಗ್ತೀನಿ. ಮಾಲೀಕರು ಪೋರ್ಷೆ ಸೆಂಟರ್‌ನಲ್ಲಿ ತಪಾಸಣೆಗೆ ಒಪ್ಪಿದ್ದಾರೆ, ಆದರೆ ಮೊದಲು ಟೋಕನ್ ಕೇಳ್ತಿದ್ದಾರೆ. ಅಲ್ಲಿ ಏನೇನು ಕೇಳಲಿ?

ಪಾನಾ ಪಟ್ಟಿ
ಅವರ 111 ಅಂಶದ ತಪಾಸಣೆ ಮಾಡಿಸಿ, ಅದು ಪಾಸಾದರೆ ಅಪ್ರೂವ್ಡ್ ವಾರಂಟಿ ಈ ಕಾರಿಗೆ ಸಿಗುತ್ತಾ ಕೇಳಿ. ಅದರ ಜತೆ ಬಂಪರ್ ಬಿಚ್ಚಿಸಿ ಎರಡೂ ಕಂಡೆನ್ಸರ್‌ನ ಕೆಳಮೂಲೆಯ ಫೋಟೊ ತೆಗೆಸಿ, ಅದಕ್ಕೆ ಬೇರೆ ಕೂಲಿ ಆಗುತ್ತೆ, ಕೊಡಿ. ಲಿಫ್ಟ್ ಮೇಲಿದ್ದಾಗ ಬ್ರೇಕ್ ಡಿಸ್ಕ್ ದಪ್ಪ ಮೈಕ್ರೋಮೀಟರ್‌ನಲ್ಲಿ ಅಳೆಸಿ, ಕನಿಷ್ಠ ಎಷ್ಟಿರಬೇಕು ಅಂತ ಡಿಸ್ಕ್ ಮೇಲೇ ಕೆತ್ತಿರುತ್ತೆ. ಕೆಳಗಿನ ಪ್ಲಾಸ್ಟಿಕ್ ತಟ್ಟೆ ಉಜ್ಜಿದ್ದರೆ ಪರವಾಗಿಲ್ಲ, ಸ್ಕ್ರೂ ಕಿತ್ತು ತಂತಿ ಕಟ್ಟಿದ್ದರೆ ತಟ್ಟೆ ಬಿಚ್ಚಿಸಿ ಒಳಗಿನ ಪೈಪ್ ನೋಡಿ. ಆಮೇಲೆ ಎಸಿ ಹಾಕಿ ನಿಂತಲ್ಲೇ 20 ನಿಮಿಷ ಎಂಜಿನ್ ಓಡಿಸಿ, ಎರಡೂ ಫ್ಯಾನ್ ತಿರುಗಬೇಕು.

ಕಾಗದಪತ್ರ
ಟೋಕನ್ ನಗದಾಗಿ ಕೊಡಬೇಡಿ, ಬ್ಯಾಂಕ್ ಮೂಲಕ ಮಾಲೀಕರ ಹೆಸರಿಗೇ ಹಾಕಿ. ರಸೀದಿಯಲ್ಲಿ ಷಾಸಿ ಸಂಖ್ಯೆ, ಮೀಟರ್ ರೀಡಿಂಗ್, ಒಪ್ಪಿದ ಬೆಲೆ ಬರೆಸಿ. ತಪಾಸಣೆ ವರದಿ ನೋಡಿ ಬೇಡವೆಂದರೆ ಏಳು ದಿನದಲ್ಲಿ ಪೂರ್ತಿ ವಾಪಸ್ ಎಂಬ ಸಾಲು ಅವರ ಸಹಿಯ ಮೇಲೆಯೇ ಇರಲಿ. ಸಾಲ ತೀರಿದೆ ಅಂದರೆ ಬಾಯಿಮಾತು ನಂಬದೆ ಆರ್‌ಸಿಯಲ್ಲಿ ಹೈಪಾಥಿಕೇಶನ್ (ಸಾಲದ ನಮೂದು) ತೆಗೆದಿದೆಯೇ ಪರಿವಾಹನ್ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ.