ಅಟ್ಟದಲ್ಲಿ ಸಿಕ್ಕ ತೂತುಗಳ ಮರದ ಬಟ್ಟಲು: ಇದು ಯಾವ ಕೆಲಸದ್ದು?

ಪ್ರಶ್ನೆ (ಮಧುಗಿರಿ ತಾಲ್ಲೂಕಿನ ಸದಸ್ಯರು):

ಮಾನ್ಯರೇ, ನಮ್ಮ ಊರಿನ ಹಳೆಯ ಮಣ್ಣಿನ ಮಾಳಿಗೆ ಮನೆಯನ್ನು ಕೆಡವಿಸುವಾಗ ಅಟ್ಟದ ಮೂಲೆಯಲ್ಲಿ, ಮುರಿದ ನೊಗ ಮತ್ತು ಕುಕ್ಕೆಗಳ ಅಡಿಯಲ್ಲಿ, ಮರದ ಒಂದು ವಸ್ತು ಸಿಕ್ಕಿದೆ. ಒಂದೇ ತುಂಡಿನಲ್ಲಿ ಕಡೆದದ್ದು, ದಪ್ಪ ಬಟ್ಟಲಿನ ಆಕಾರದ್ದು. ಬಾಯಿಯ ಅಗಲ 7 ಅಂಗುಲ, ಎತ್ತರ 6 ಅಂಗುಲ. ಒಳಗಿನ ಗುಳಿ 3 ಅಂಗುಲದಷ್ಟು ಆಳವಿದ್ದು, ಅದರ ನಡುವೆ ಮರ ಶಂಕುವಿನಂತೆ ಉಬ್ಬಿಕೊಂಡಿದೆ. ಆ ಉಬ್ಬಿನ ಬುಡದ ಸುತ್ತ ಒಂಬತ್ತು ತೂತುಗಳಿದ್ದು, ಎಲ್ಲವೂ ಕೆಳಗಿನವರೆಗೆ ಹಾಯ್ದಿವೆ. ಇನ್ನೂ ಮೂರು ಕಡೆ ಮಣ್ಣು ಮೆತ್ತಿದ ಗುರುತುಗಳಿವೆ. ತೂತುಗಳ ಒಳಮೈ ಸುಟ್ಟಂತೆ ಕಪ್ಪಾಗಿದೆ. ಬಟ್ಟಲಿನ ಸೊಂಟದ ಸುತ್ತ ಒಂದು ಕಚ್ಚು ಇದೆ. ಇದರ ಪಕ್ಕದಲ್ಲಿಯೇ ಎದೆಮಟ್ಟದ ಒಂದು ಬಿದಿರಿನ ಕೊಳವೆಯೂ ಇತ್ತು. ಅದರ ಕೆಳತುದಿಗೆ ಮೊನಚಾದ ಮರದ ಕಾಲು, ಮೇಲ್ತುದಿಗೆ ಅಂಗೈಯಗಲದ ಮರದ ಬಾಯಿ ಇವೆ. ಎರಡಕ್ಕೂ ಸಂಬಂಧವಿದೆಯೇ ಎಂಬುದು ನಮಗೆ ತಿಳಿಯದು. ಇವನ್ನು ಬಳಸಿದವರು ಮನೆಯಲ್ಲಿ ಈಗ ಯಾರೂ ಇಲ್ಲ. ದೀಪದ ಕಂಬದ ತಲೆ ಇರಬೇಕೆಂದು ಚಿಕ್ಕಪ್ಪನವರು ಹೇಳುತ್ತಾರೆ. ತಿಳಿದವರು ದಯವಿಟ್ಟು ತಿಳಿಸಬೇಕು.

ಸದಸ್ಯರು, ಶಿಡ್ಲಘಟ್ಟ: ಒಂಬತ್ತು ತೂತು, ಒಳಗೆಲ್ಲ ಕಪ್ಪು ಎಂದ ಮೇಲೆ ನವಗ್ರಹ ಪೂಜೆಗೆ ಸಂಬಂಧಿಸಿದ್ದೇ ಇರಬೇಕು. ಬತ್ತಿಗಳನ್ನು ತೂತಿನಲ್ಲಿ ನಿಲ್ಲಿಸಿ ಹಚ್ಚುತ್ತಿದ್ದರೇನೋ.

ಸದಸ್ಯರು, ಗುಬ್ಬಿ: ನಮ್ಮ ಅಜ್ಜಿಯ ಮನೆಯಲ್ಲಿ ಶ್ಯಾವಿಗೆ ಒತ್ತುವ ಮರದ ಒರಳು ಇತ್ತು. ಇದು ಅದರ ಕೆಳಭಾಗದಂತೆ ಕಾಣುತ್ತದೆ.

ಉತ್ತರ (ನಿವೃತ್ತ ಕೃಷಿ ಎಂಜಿನಿಯರ್, ಚಿಕ್ಕಬಳ್ಳಾಪುರ):

ಚಿತ್ರಗಳನ್ನು ನೋಡಿದೆ. ನನಗೊಂದು ಅಂದಾಜು ಇದೆಯಾದರೂ ಅದನ್ನು ಈಗಲೇ ಹೇಳಿದರೆ ತಾವು ಅದಕ್ಕೆ ಹೊಂದುವ ಗುರುತುಗಳನ್ನೇ ಹುಡುಕುತ್ತೀರಿ. ಆದ್ದರಿಂದ ಮೊದಲು ಕೆಲವನ್ನು ಪರೀಕ್ಷಿಸಿ ತಿಳಿಸಬೇಕೆಂದು ಕೋರುತ್ತೇನೆ.

ಶ್ಯಾವಿಗೆಯ ಮಾತನ್ನು ಮಾತ್ರ ಇಲ್ಲಿಯೇ ಮುಗಿಸಬಹುದು. ಶ್ಯಾವಿಗೆ ಒತ್ತುವ ಒರಳಿನಲ್ಲಿ ಹಿಟ್ಟನ್ನು ಬಲವಾಗಿ ಅದುಮಬೇಕಾದ್ದರಿಂದ ಒಳಗುಳಿ ನೇರ ಗೋಡೆಯದಾಗಿರುತ್ತದೆ, ತಳದಲ್ಲಿ ಸಣ್ಣ ಸಣ್ಣ ರಂಧ್ರಗಳ ಲೋಹದ ಬಿಲ್ಲೆ ಇರುತ್ತದೆ, ಮೇಲಿನಿಂದ ಒತ್ತುವ ಗುಂಡು ಒಳಗೋಡೆಗೆ ಸರಿಯಾಗಿ ಕೂರಬೇಕಾಗುತ್ತದೆ. ನಡುವೆ ಶಂಕು ಎದ್ದಿರುವ ಗುಳಿಯಲ್ಲಿ ಯಾವ ಗುಂಡೂ ಕೂರದು. ದೀಪದ ವಿಷಯವನ್ನು ತಮ್ಮ ಉತ್ತರ ಬಂದ ಮೇಲೆ ನೋಡೋಣ.

ಮಣ್ಣು ಮೆತ್ತಿರುವ ಮೂರು ಜಾಗಗಳನ್ನು ತೆಂಗಿನ ಕಡ್ಡಿಯಿಂದ ನಿಧಾನವಾಗಿ ಕೆದಕಿ, ಒಳಗೆ ಏನಿದೆ ನೋಡಿರಿ. ಕಬ್ಬಿಣದ ಮೊಳೆಯನ್ನು ಬಳಸಬೇಡಿರಿ. ಬಟ್ಟಲನ್ನು ಮಗುಚಿ, ತೂತಿನ ಅಗಲ ಒಳಗೆಷ್ಟು, ಹೊರಗೆಷ್ಟು ಎಂದು ಅಳೆಯಿರಿ. ಒಂದೊಂದು ತೂತಿಗೂ ಒಂದೊಂದು ಕಡ್ಡಿ ಚುಚ್ಚಿಟ್ಟು, ಅವೆಲ್ಲ ಯಾವ ದಿಕ್ಕಿಗೆ ಎಷ್ಟು ಓರೆಯಾಗಿವೆ ಎಂಬುದರ ಚಿತ್ರ ತೆಗೆಯಿರಿ. ಕಡೆಯದಾಗಿ, ಬಾಯಿಯ ಅಂಚನ್ನು ಸುತ್ತಲೂ ಬೆರಳಿನಿಂದ ಸವರಿ, ಎಲ್ಲಾದರೂ ಹೆಚ್ಚು ಸವೆದಿದೆಯೇ ತಿಳಿಸಿರಿ.

ಪ್ರಶ್ನೆ ಕೇಳಿದವರು:

ತಾವು ಹೇಳಿದಂತೆ ನೋಡಿದೆ. ಮೂರು ಕಡೆಯ ಮಣ್ಣೂ ಉದುರಿತು. ಒಳಗೆ ಒಣಗಿದ ಹುಳುವಿನ ಪೊರೆಗಳಿದ್ದವು, ಕೆಳಗೆ ಉಳಿದವುಗಳಂತೆಯೇ ತೂತುಗಳಿವೆ. ಆದ್ದರಿಂದ ಒಟ್ಟು ಹನ್ನೆರಡು. ಒಳಬದಿಯಲ್ಲಿ ಕಿರುಬೆರಳು ತೂರುವುದಿಲ್ಲ, ಕೆಳಬದಿಯಲ್ಲಿ ಹೆಬ್ಬೆರಳು ಸಲೀಸಾಗಿ ತೂರುತ್ತದೆ. ನಡುವೆ ಒಂದು ಮೆಟ್ಟಿಲಿನಂತಹ ಅಂಚಿದೆ. ಒಂದು ತೂತಿನ ಕೆಳಗೆ ಬಿದಿರಿನ ಸೀಳು ಇನ್ನೂ ಸಿಕ್ಕಿಕೊಂಡಿದೆ. ಕಡ್ಡಿಗಳನ್ನು ಚುಚ್ಚಿದಾಗ ನಡುವಿನವು ಬಹುಮಟ್ಟಿಗೆ ನೇರ ಕೆಳಕ್ಕೂ, ಎಡಬಲದವು ತೀರ ಓರೆಯಾಗಿ ಪಕ್ಕಕ್ಕೂ ಹೋದವು. ಬಾಯಿಯ ಅಂಚು ಒಂದು ಕಡೆ ಮಾತ್ರ ನಯವಾಗಿ ತಗ್ಗಾಗಿದೆ. ಆ ತಗ್ಗು ಎಡ ಮತ್ತು ಬಲದ ಓರೆ ತೂತುಗಳ ಸರಿಯಾದ ನಡುವೆ ಬರುತ್ತದೆ.

ಉತ್ತರ (ನಿವೃತ್ತ ಕೃಷಿ ಎಂಜಿನಿಯರ್):

ಇನ್ನು ಸಂಶಯಕ್ಕೆ ಎಡೆಯಿಲ್ಲ. ಇದು ರಾಗಿ ಬಿತ್ತುವ ಹನ್ನೆರಡು ತಾಳಿನ ಕೂರಿಗೆಯ ಬಟ್ಟಲು. ಕೂರಿಗೆ ಎಂದರೆ ಎತ್ತುಗಳು ಎಳೆಯುವ, ಒಮ್ಮೆಗೇ ಹಲವು ಸಾಲುಗಳಲ್ಲಿ ಬೀಜ ಬಿತ್ತುವ ಉಪಕರಣ; ನೆಲ ಸೀಳುವ ಅದರ ಹಲ್ಲುಗಳೇ ತಾಳುಗಳು. ಬಿದಿರಿನ ಕೊಳವೆ ಸಡ್ಡೆ. ಅದೂ ಅದೇ ಬಿತ್ತನೆಗೆ ಸೇರಿದ್ದು.

ಒಂದೊಂದು ಗುರುತೂ ಹೀಗೆ ಹೇಳುತ್ತದೆ. ಮೊದಲನೆಯದು ಮಣ್ಣು. ಅದನ್ನು ಮೆತ್ತಿದ್ದು ಮನುಷ್ಯರಲ್ಲ, ಕಣಜ. ಬಹುಕಾಲ ಬಳಕೆಯಿಲ್ಲದೆ ಬಿದ್ದ ಕೊಳವೆ, ಬೀಗದ ತೂತು, ಮರದ ರಂಧ್ರ ಯಾವುದು ಸಿಕ್ಕರೂ ಕಣಜ ಅಲ್ಲಿ ಮೊಟ್ಟೆಯಿಟ್ಟು ಮಣ್ಣಿನಿಂದ ಮುಚ್ಚುತ್ತದೆ. ಅದು ಮೂರು ತೂತುಗಳನ್ನು ಮುಚ್ಚಿದ್ದರಿಂದಲೇ ಲೆಕ್ಕ ಒಂಬತ್ತಕ್ಕೆ ಇಳಿದು ನವಗ್ರಹಗಳು ಬಂದು ಕುಳಿತವು. ಒಳಗಿನ ಕಪ್ಪು ದೀಪದ ಮಸಿಯಲ್ಲ. ಮಸಿಯಾಗಿದ್ದರೆ ಬೆರಳಿಗೆ ಅಂಟುತ್ತಿತ್ತು, ಬಾಯಿಯ ಅಂಚಿಗೂ ಹತ್ತಿರುತ್ತಿತ್ತು. ಇಲ್ಲಿ ತೂತಿನ ಒಳಮೈ ಮಾತ್ರ ಕಪ್ಪಾಗಿದೆ. ಬೈರಿಗೆಯಿಂದ ಕೊರೆದ ಮೇಲೆ ಕೆಂಪಗೆ ಕಾಯಿಸಿದ ಕಬ್ಬಿಣದ ಸಲಾಕಿಯನ್ನು ತೂರಿಸಿ ಒಳಗಿನ ನಾರುಗಳನ್ನು ಸುಟ್ಟಿದ್ದಾರೆ. ಮರದ ಒಂದೇ ಒಂದು ಸಿಬಿರು ಎದ್ದು ನಿಂತರೂ ಸಾಕು, ಅಲ್ಲಿ ರಾಗಿ ತಡೆದು, ಒಂದು ಸಾಲು ಹೊಲದ ಉದ್ದಕ್ಕೂ ಬರಿದಾಗಿ ಹೋಗುತ್ತದೆ. ಅದು ಗೊತ್ತಾಗುವುದು ಪೈರು ಮೊಳೆತ ಮೇಲೆಯೇ.

ಬಟ್ಟಲಿನ ಪ್ರತಿಯೊಂದು ತೂತಿನ ಕೆಳಗೂ ಒಂದೊಂದು ಬಿದಿರಿನ ನಳಿಕೆಯನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೆಲ ಸೀಳುವ ತಾಳಿನ ಹಿಂಬದಿಯ ತೂತಿಗೆ ಇಳಿಸುತ್ತಾರೆ. ನಳಿಕೆ ಮೇಲಕ್ಕೆ ಜಾರಿ ಗುಳಿಯೊಳಗೆ ಬಾರದಿರಲೆಂದೇ ತಾವು ಕಂಡ ಮೆಟ್ಟಿಲು ಇದೆ. ಹನ್ನೆರಡು ತಾಳುಗಳು ಒಂದೇ ಅಡ್ಡ ದಿಂಡಿನಲ್ಲಿ ಗೇಣಿಗೊಂದರಂತೆ ನಿಲ್ಲುವುದರಿಂದ ಕೂರಿಗೆಯ ಅಗಲ ಎಂಟು ಅಡಿಗೂ ಮಿಕ್ಕುತ್ತದೆ, ಬಟ್ಟಲು ಮಾತ್ರ ನಡುವೆ ಇರುತ್ತದೆ. ಹೀಗಾಗಿ ನಡುವಿನ ತಾಳುಗಳಿಗೆ ಹೋಗುವ ನಳಿಕೆಗಳು ಕಡಿದಾಗಿ ಇಳಿದರೆ ಕೊನೆಯ ತಾಳುಗಳಿಗೆ ಹೋಗುವವು ಅಗಲವಾಗಿ ಚಾಚಬೇಕು. ತಮ್ಮ ಕಡ್ಡಿಗಳು ಎಡಬಲಕ್ಕೆ ಬಾಗಿದ್ದು ಇದಕ್ಕೇ. ಸೊಂಟದ ಕಚ್ಚು ಹಗ್ಗದ್ದು. ನಡೆಯುವಾಗ ಬಟ್ಟಲು ಓಲಾಡದಂತೆ ಬಿಗಿದು ಕಟ್ಟುತ್ತಿದ್ದರು.

ಸವೆದ ಅಂಚು ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಸಾಕ್ಷಿ. ಬಿತ್ತುವವರು ಕೂರಿಗೆಯ ಹಿಂದೆ ನಡೆಯುತ್ತಾರೆ, ಮಡಿಲಿನಿಂದ ಬೀಜ ತೆಗೆದ ಮುಷ್ಟಿಯನ್ನು ಬಟ್ಟಲಿನ ಮೇಲೆ ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳುಗಳ ಸಂದಿಯಿಂದ ರಾಗಿಯನ್ನು ಎಡೆಬಿಡದೆ ಉದುರಿಸುತ್ತಾರೆ. ಮಣಿಕಟ್ಟು ತಾಗುವ ಜಾಗವೇ ಆ ತಗ್ಗು, ಆದ್ದರಿಂದಲೇ ಅದು ಎಡಬಲಗಳ ಸರಿಯಾದ ನಡುವೆ ಇದೆ. ಬೀಜ ಶಂಕುವಿನ ತುದಿಗೆ ಬಿದ್ದು ಸುತ್ತಲೂ ಜಾರಿ ಹನ್ನೆರಡಕ್ಕೂ ಹಂಚಿಹೋಗುತ್ತದೆ.

ಆ ಕೈಯ ಲೆಕ್ಕವನ್ನು ಒಮ್ಮೆ ಮಾಡಿ ನೋಡಿದರೆ ಆಶ್ಚರ್ಯವಾಗುತ್ತದೆ. ಸಾಲಿಗೆ 9 ಅಂಗುಲದಂತೆ ಹನ್ನೆರಡು ಸಾಲು ಎಂದರೆ 9 ಅಡಿ ಅಗಲ. ಒಂದು ಎಕರೆ 43,560 ಚದರಡಿ. ಆದ್ದರಿಂದ ಎಕರೆ ಮುಗಿಯಲು ಎತ್ತುಗಳು ತಿರುವುಗಳನ್ನು ಬಿಟ್ಟು 4,840 ಅಡಿ, ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರ್ ನಡೆಯಬೇಕು. ಕೂರಿಗೆ ಬಿತ್ತನೆಗೆ ಎಕರೆಗೆ 4ರಿಂದ 5 ಕೆಜಿ ರಾಗಿ ಸಾಕು. ಎಂದರೆ ಪ್ರತಿ ಮೀಟರಿಗೆ ಹನ್ನೆರಡು ಸಾಲಿಗೂ ಸೇರಿ ಮೂರು ಗ್ರಾಂ ಆಸುಪಾಸು ಬೀಜವನ್ನು, ಎತ್ತಿನ ನಡಿಗೆ ಚುರುಕಾದಾಗ ತುಸು ಹೆಚ್ಚಿಸಿ, ನಿಧಾನವಾದಾಗ ತಗ್ಗಿಸಿ, ಬೆರಳಿನ ಅಂದಾಜಿನಲ್ಲಿಯೇ ಬಿಡಬೇಕು. ಒಂದು ಗ್ರಾಂ ರಾಗಿಯಲ್ಲಿ ಮುನ್ನೂರು ಕಾಳುಗಳಿಗೆ ಕಡಿಮೆಯಿರುವುದಿಲ್ಲ. ಊರಿನಲ್ಲಿ ಎಲ್ಲರೂ ಉಳುತ್ತಿದ್ದರೂ ಕೂರಿಗೆ ಹಿಡಿಯಲು ಕೆಲವರನ್ನೇ ಕರೆಯುತ್ತಿದ್ದ ಕಾರಣ ಇಷ್ಟೇ. ಕೈ ತಪ್ಪಿ ದಟ್ಟವಾದ ಕಡೆ, ಪೈರು ಎದ್ದ ಮೇಲೆ ಹಲುವೆ (ಸಾಲು ಹಲ್ಲುಗಳ ಉಪಕರಣ) ಹೊಡೆದು ತೆಳುಮಾಡುತ್ತಿದ್ದರು.

ಸಡ್ಡೆಯ ಕೆಲಸ ಅಕ್ಕಡಿ ಸಾಲಿನದು. ರಾಗಿಯ ನಡುವೆ ಅವರೆಯನ್ನೋ ತೊಗರಿಯನ್ನೋ ಬಿತ್ತಬೇಕಾದಾಗ ಇದನ್ನು ಹಗ್ಗದಿಂದ ಕೂರಿಗೆಯ ಹಿಂದೆ ಕಟ್ಟಿ ಎಳೆಸುತ್ತ, ಹಿಂದೆ ನಡೆಯುವವರು, ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು, ಮೇಲಿನ ಬಾಯಿಗೆ ಕಾಳು ಹಾಕುತ್ತಿದ್ದರು. ಅವರೆ ಕಾಳು ಬಟ್ಟಲಿನ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆಂದೇ ಈ ಅಗಲವಾದ ಬೇರೆ ದಾರಿ. ಎರಡೂ ಒಂದೇ ಅಟ್ಟದಲ್ಲಿ ಸಿಕ್ಕಿರುವುದು ಅಪರೂಪ. ನಳಿಕೆಗಳು ಮುರಿದಾಗ ಒಲೆಗೆ ಹೋಗಿರುತ್ತವೆ, ದಿಂಡು ತೊಲೆಯಾಗಿಯೋ ಬಾಗಿಲ ಅಗುಳಿಯಾಗಿಯೋ ಉಳಿದಿರಬಹುದು. ಕೆಡವಿದ ಮರಮುಟ್ಟುಗಳಲ್ಲಿ ಗೇಣಿಗೊಂದು ಕಂಡಿಯಿರುವ ಉದ್ದನೆಯ ತುಂಡಿದೆಯೇ ಎಂದು, ಮಾರುವುದಕ್ಕೆ ಮೊದಲು ನೋಡಿರಿ.

ಸದಸ್ಯರು, ಕೊರಟಗೆರೆ (ಬಡಗಿ ಕೆಲಸ):

ಚಿತ್ರದಲ್ಲಿ ಮರ ಜಾಲಿಯಂತೆ ಕಾಣುತ್ತದೆ, ಕೈಯಲ್ಲಿ ಹಿಡಿಯದೆ ಖಚಿತವಾಗಿ ಹೇಳುವುದು ಸರಿಯಲ್ಲ. ನಮ್ಮ ಕಡೆ ನೇಗಿಲು, ಕುಂಟೆ, ಗಾಡಿಯ ಭಾಗಗಳಿಗೆ ಜಾಲಿಯನ್ನೇ ಹೆಚ್ಚು ಬಳಸುತ್ತಿದ್ದರು. ಹನ್ನೆರಡು ಓರೆ ತೂತುಗಳನ್ನು ಒಂದಕ್ಕೊಂದು ತಾಗದಂತೆ ಬೈರಿಗೆಯಲ್ಲಿ ಕೊರೆಯುವುದು ಸುಲಭವಲ್ಲ. ಕಡೆಯ ತೂತಿನಲ್ಲಿ ಬಟ್ಟಲು ಸೀಳಿದರೆ ಹಿಂದಿನ ಕೆಲಸವೆಲ್ಲ ನೀರುಪಾಲು.

ಪ್ರಶ್ನೆ (ಮುಳಬಾಗಿಲಿನ ಸದಸ್ಯರು):

ಈ ಬಗೆಯ ಬಿತ್ತನೆಯ ಯಂತ್ರವನ್ನು ಇಂಗ್ಲಿಷರು ಬಂದ ಮೇಲೆ ಇಲ್ಲಿಗೆ ತಂದರೆಂದು ಕೇಳಿದ್ದೆ. ಅದು ನಿಜವೇ? ಮತ್ತು ನಮ್ಮ ಮನೆಯಲ್ಲಿರುವ ಇಂಥದೇ ಬಟ್ಟಲಿಗೆ ಆರೇ ತೂತುಗಳಿವೆ. ಅದೂ ಕೂರಿಗೆಯದೇ?

ಉತ್ತರ (ನಿವೃತ್ತ ಕೃಷಿ ಎಂಜಿನಿಯರ್):

ನಿಜವಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೋಲಾರ, ಮಧುಗಿರಿ, ಸಿರಾಗಳನ್ನೂ ಹಾದುಹೋದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಇಲ್ಲಿನ ರೈತರ ಕೂರಿಗೆಯ ವರ್ಣನೆಯೂ ಚಿತ್ರವೂ ಇವೆ. ಇಂಗ್ಲೆಂಡಿನಲ್ಲಿ ಜೆಥ್ರೊ ಟಲ್ 1701ರ ಸುಮಾರಿಗೆ ತನ್ನ ಬಿತ್ತನೆಯ ಯಂತ್ರವನ್ನು ಮಾಡಿದ್ದು ಸರಿ. ಆದರೆ ಅದರಲ್ಲಿ ಬೀಜ ಬಿಡುವುದು ತಿರುಗುವ ಉರುಳೆ, ನಮ್ಮದರಲ್ಲಿ ಬೀಜ ಬಿಡುವುದು ಕೈ. ಒಂದನ್ನು ನೋಡಿ ಇನ್ನೊಂದನ್ನು ಮಾಡಿದ ಲಕ್ಷಣವೇ ಇಲ್ಲ.

ಆರು ತೂತಿನದೂ ಕೂರಿಗೆಯ ಬಟ್ಟಲೇ ಇರಬಹುದು. ಎತ್ತುಗಳ ಶಕ್ತಿ, ಹೊಲದ ಅಗಲ, ಬೆಳೆಯ ಸಾಲಿನ ಅಂತರ ಇವುಗಳಿಗೆ ತಕ್ಕಂತೆ ತಾಳುಗಳ ಸಂಖ್ಯೆ ಬದಲಾಗುತ್ತದೆ; ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಜೋಳಕ್ಕೆ ಇನ್ನೂ ಕಡಿಮೆ ತಾಳಿನವು ಸಾಮಾನ್ಯ. ತಮ್ಮ ಮನೆಯದರಲ್ಲಿಯೂ ತೂತುಗಳು ಹೊರಕ್ಕೆ ಓರೆಯಾಗಿವೆಯೇ, ಕೆಳಗೆ ಅಗಲವಾಗಿವೆಯೇ ನೋಡಿರಿ. ಎರಡೂ ಇಲ್ಲದಿದ್ದರೆ ಅದು ಬೇರೆ ಏನೋ ಇರುತ್ತದೆ, ಆಗ ಚಿತ್ರ ಹಾಕಿರಿ.

ಪ್ರಶ್ನೆ ಕೇಳಿದವರು:

ತುಂಬ ಉಪಕಾರವಾಯಿತು. ಹಳೆಯ ಸಾಮಾನು ಕೊಳ್ಳುವವರೊಬ್ಬರು ಇದು ಇನ್ನೂರು ವರ್ಷದ್ದೆಂದು ಹೇಳಿ ಕೇಳುತ್ತಿದ್ದಾರೆ. ವಯಸ್ಸನ್ನು ತಿಳಿಯುವುದು ಹೇಗೆ? ನಾವೇ ಇಟ್ಟುಕೊಳ್ಳುವುದಾದರೆ ವಾರ್ನಿಷ್ ಹಚ್ಚಬಹುದೇ? ಕೆಳಭಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳೂ ಇವೆ.

ಉತ್ತರ (ನಿವೃತ್ತ ಕೃಷಿ ಎಂಜಿನಿಯರ್):

ಬಟ್ಟಲಿನ ಆಕಾರದಿಂದ ವಯಸ್ಸು ಹೇಳಲು ಬಾರದು. ಬುಕಾನನ್ ಕಂಡ ಕಾಲದಿಂದ ಟ್ರ್ಯಾಕ್ಟರ್ ಬರುವವರೆಗೂ ಇದರ ರೂಪ ಹೆಚ್ಚು ಬದಲಾಗಲಿಲ್ಲ. ಇನ್ನೂರು ವರ್ಷ ಎಂಬುದು ಕೊಳ್ಳುವವರು ಹೇಳುವ ಮಾತಲ್ಲ, ಮುಂದೆ ಅದನ್ನು ಮಾರುವಾಗ ಹೇಳಬೇಕೆಂದಿರುವ ಮಾತು. ಅದಕ್ಕಿಂತ ಮನೆಯಲ್ಲಿ ಕೂರಿಗೆ ಹಿಡಿದ ಕಡೆಯವರು ಯಾರು, ಯಾವ ಹೊಲಕ್ಕೆ ಹಿಡಿದರು ಎಂದು ಊರಿನ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಇಂಥ ಉಪಕರಣಗಳ ನಡುವೆ ಇಟ್ಟು ಹೋಲಿಸಿ ನೋಡಬೇಕೆನಿಸಿದರೆ ರಾಮನಗರದ ಜಾನಪದ ಲೋಕಕ್ಕೆ ಹೋಗಿ ಬರಬಹುದು.

ವಾರ್ನಿಷ್ ಖಂಡಿತ ಬೇಡ. ಸವೆದ ಅಂಚಿನ ಹೊಳಪು ಕೈಯಿಂದ ಬಂದದ್ದು, ಅದರ ಮೇಲೆ ಬಣ್ಣ ಬಿದ್ದರೆ ಮತ್ತೆ ಸಿಗುವುದಿಲ್ಲ. ತೊಳೆಯಲೂಬೇಡಿರಿ, ಬಿಸಿಲಿನಲ್ಲಿ ಒಣಗಿಸಲೂಬೇಡಿರಿ. ಹಳೆಯ ಮರ ಏಕಾಏಕಿ ಒಣಗಿದರೆ ಬಿರಿಯುತ್ತದೆ. ಮೃದುವಾದ ಒಣ ಕುಂಚದಿಂದ ಧೂಳು ತೆಗೆದರೆ ಸಾಕು. ಸೂಜಿಮೊನೆಯ ತೂತುಗಳು ಮರ ಕೊರೆಯುವ ಹುಳುವಿನವು. ಅವು ಹಳೆಯವೋ ಈಗಿನವೋ ತಿಳಿಯಲು ಬಟ್ಟಲನ್ನು ಕಪ್ಪು ಕಾಗದದ ಮೇಲೆ ಎರಡು ವಾರ ಅಲುಗಿಸದೆ ಇಡಿರಿ. ಕಾಗದದ ಮೇಲೆ ಹೊಸದಾಗಿ ಹಿಟ್ಟಿನಂತಹ ಪುಡಿ ಬಿದ್ದಿದ್ದರೆ ಹುಳು ಒಳಗಿದೆ ಎಂದರ್ಥ. ಆಗ ಸಡ್ಡೆಯಿಂದ ಅದನ್ನು ದೂರವಿಟ್ಟು ಇಲ್ಲಿ ತಿಳಿಸಿರಿ, ಮುಂದಿನ ಉಪಾಯ ಹೇಳುತ್ತೇನೆ. ಪುಡಿ ಬೀಳದಿದ್ದರೆ ಎರಡನ್ನೂ ಗೆದ್ದಲು ಹತ್ತದಂತೆ ನೆಲದಿಂದ ಮೇಲೆ, ಗಾಳಿಯಾಡುವ ಕಡೆ ಇಟ್ಟರೆ ಸಾಕು. ನಳಿಕೆಯ ಸೀಳನ್ನು ಇದ್ದಲ್ಲಿಯೇ ಬಿಡಿರಿ, ಕೀಳಬೇಡಿರಿ.