ಬೆಳಗಾವಿ ಉದ್ಯಮಬಾಗ: ಆರ್ಡರ್ ಇಳದಾವ, ಬಿಲ್ಲೂ ನಿಂತಾವ

ಪ್ರಶ್ನೆ: ಫೌಂಡ್ರಿ ಕಾಸ್ಟಿಂಗ್ (ಎರಕದ ಭಾಗ) ಮಷಿನಿಂಗ್ ಮಾಡೋ ಸಣ್ಣ ಶಾಪ್. ಆರು ಲೇಥಿನಾಗ (ತಿರುಗಿಸಿ ಕೊರೆಯೋ ಮಷಿನ್) ಎರಡ ತಿರಗತಾವ. ಗಿರಾಕಿಗಳಿಂದ ಬಿಲ್ಲಿನ ರೊಕ್ಕ ನಾಲ್ಕು ತಿಂಗಳಾದ್ರೂ ಬರವಲ್ಲದು, ಕರೆಂಟಿನ ಫಿಕ್ಸೆಡ್ ಚಾರ್ಜ್ ಅಷ್ಟ ಐತಿ. ಮೊದಲ ಯಾವುದು ಹಿಡೀಬೇಕ್ರಿ?

ಉತ್ತರ 1: ಬಿಲ್ಲು ಹಿಡೀರಿ. 2006ರ ಎಂಎಸ್‌ಎಂಇ (ಸಣ್ಣ ಉದ್ದಿಮಿ) ಕಾಯ್ದೆ ಪ್ರಕಾರ ಬರವಣಿಗಿ ಕರಾರಿದ್ರ ಹೆಚ್ಚಂದ್ರ 45 ದಿನ, ಇಲ್ಲಂದ್ರ 15 ದಿನದಾಗ ರೊಕ್ಕ ಕೊಡಬೇಕು. ತಪ್ಪಿದ್ರ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಪಿಓ (ಖರೀದಿ ಆರ್ಡರ್), ಬಿಲ್ಲು, ಮಾಲು ಕೊಟ್ಟ ಚಲನ್ ಹಚ್ಚಿ ಎಂಎಸ್‌ಎಂಇ ಇಲಾಖೆಯ ಬಾಕಿ ದೂರಿನ ಆನ್‌ಲೈನ್ ಪೋರ್ಟಲ್‌ನಾಗ ಅರ್ಜಿ ಹಾಕ್ರಿ. ಚಲನ್ ಮ್ಯಾಲೆ ಗಿರಾಕಿ ಗೇಟಿನ ಸಿಕ್ಕಾ, ತಾರೀಖು ಇಲ್ಲಂದ್ರ ಕೇಸ್ ಅಲ್ಲೇ ಸಡಿಲ. ಉದ್ಯಮ್ ನೋಂದಣಿಗಿಂತ (ಸರ್ಕಾರದಾಗ ಸಣ್ಣ ಉದ್ದಿಮಿ ಅಂತ ಹೆಸರು ಹಚ್ಚೋದು) ಮುಂಚಿನ ಬಿಲ್ಲು ತಕರಾರಿಗೆ ಬೀಳತಾವ.

ಉತ್ತರ 2: ನಿಂತ ಲೇಥ್ ಮಾರೋ ವಿಚಾರ ಇದ್ರ, ಅದಕ್ಕಿಂತ ಮೊದಲ ಹೆಸ್ಕಾಂನಾಗ (ಕರೆಂಟ್ ಕಂಪನಿ) ಮಂಜೂರಾದ ಲೋಡ್, ಅಂದ್ರ ನಿಮ್ಮ ಹೆಸರಿಗಿರೋ ಕರೆಂಟಿನ ಮಿತಿ, ಇಳಸ್ರಿ. ಫಿಕ್ಸೆಡ್ ಚಾರ್ಜ್ ಬೀಳೋದು ಲೋಡ್ ಮ್ಯಾಲೆ, ಮಷಿನ್ ಓಡಿದ ತಾಸಿನ ಮ್ಯಾಲಲ್ಲ. ಒಂದು ಲೇಥಿನಷ್ಟು ಲೋಡ್ ಹೆಚ್ಚಿಗಿ ಇಟ್ಕೊರಿ, ಮತ್ತ ಏರಸಬೇಕಂದ್ರ ರೊಕ್ಕ ಕಟ್ಟಬೇಕಾಗತೈತಿ.